ಯಾವ ಶಿರೂರು ಎಂದು ಕೇಳದ ಗೆಳೆಯನಿಗೆ

ಮಂಗಳೂರಿನಿಂದ

ಗೆಳೆಯಾ,

ನಿನಗೆ ಕಾಗದ ಬರೆದು ಇಪ್ಪತ್ತು ವರ್ಷಗಳ ಮೇಲಾಗಿರಬೇಕು. ಫೋನು ಬಂದ ಮೇಲೆ ಕಾಗದ ನಿಂತಿತು, ವಾಟ್ಸ್ಆ್ಯಪ್ ಬಂದ ಮೇಲೆ ಫೋನೂ ನಿಂತಿತು. ಈಗ ಹಬ್ಬಕ್ಕೊಮ್ಮೆ ನೀನು ಕಳುಹಿಸುವ ದೀಪದ ಚಿತ್ರಕ್ಕೆ ನಾನು ಕೈಮುಗಿದ ಗುರುತೊಂದನ್ನು ಒತ್ತಿದರೆ ನಮ್ಮ ವರ್ಷದ ವ್ಯವಹಾರ ಮುಗಿಯುತ್ತದೆ. ಇವತ್ತು ಕುಳಿತು ಬರೆಯುತ್ತಿದ್ದೇನೆ, ಅದೂ ಹತ್ತು ಜನ ಓದುವ ಜಾಗದಲ್ಲಿ. ನಾನು ಕಾಲೇಜಿಗೆಂದು ಮಂಗಳೂರಿಗೆ ಬಂದ ಹೊಸದರಲ್ಲಿ ನಿನಗೆ ಬರೆಯುತ್ತಿದ್ದುದೆಲ್ಲ ಕಾರ್ಡಿನಲ್ಲಿ. ನಿನ್ನೂರು, ಭಟ್ಕಳ ತಾಲೂಕಿನ ಗೊರಟೆಯ ಪೋಸ್ಟ್‌ಮ್ಯಾನ್ ಅದನ್ನು ದಾರಿಯುದ್ದಕ್ಕೂ ಓದಿಕೊಂಡು ಬಂದು, ಮೊದಲು ಸಾರಾಂಶ ಹೇಳಿ ಆಮೇಲೆ ಕಾರ್ಡು ಕೊಡುತ್ತಿದ್ದರು. ನೀನು ಸಿಟ್ಟಿಗೆದ್ದು, ನಿನ್ನದು ಕಾರ್ಡಿನ ಬುದ್ಧಿ, ಲಕೋಟೆ ಎಂಬುದು ನಿನಗೆ ಗೊತ್ತೇ ಇಲ್ಲ ಎಂದು ಬೈದದ್ದು ನೆನಪಿದೆಯಷ್ಟೆ? ಬುದ್ಧಿ ಹಾಗೆಯೇ ಇದೆ.

ಮೊದಲಿಗೆ ಕೊಡೆಯ ವಿಷಯ. ಅದು ಇನ್ನೂ ನನ್ನ ಬಳಿಯೇ ಇದೆ, ಒಂದು ಕಡ್ಡಿ ಮುರಿದಿದೆ, ಹಿಂತಿರುಗಿಸುವ ಉದ್ದೇಶವಿಲ್ಲ. ನಮ್ಮಿಬ್ಬರ ಆ ಹಳೆಯ ಬಂಗುಡೆ ಮೀನಿನ ಜಗಳದ ತೀರ್ಪು ಯಾರ ಪರವಾಗಿ ಬಂದಿತ್ತೆಂಬುದನ್ನು ನಾನು ನೆನಪಿಸಬೇಕಾಗಿಲ್ಲ.

ಕಳೆದ ತಿಂಗಳು ನನ್ನೂರು ಶಿರೂರಿಗೆ, ಉಡುಪಿ ಜಿಲ್ಲೆಯ ಉತ್ತರದ ತುದಿಗೆ, ಬಂದಿದ್ದೆ. ನಿನಗೆ ತಿಳಿಸಲಿಲ್ಲ. ಮನೆಯ ಮಾಡು ಸೋರುತ್ತಿದೆಯೆಂದು ಪಕ್ಕದ ಮನೆಯವರು ಫೋನು ಮಾಡಿದ್ದರು. ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸಿ, ಅಪ್ಪನ ತಗಡಿನ ಪೆಟ್ಟಿಗೆಯನ್ನು ಕಾರಿನಲ್ಲಿಟ್ಟುಕೊಂಡು ಅದೇ ದಿನ ತಿರುಗಿ ಹೋದೆ. ಪೆಟ್ಟಿಗೆಯ ತುಂಬ ಗೆದ್ದಲು. ಅದು ಬಿಟ್ಟು ಉಳಿಸಿದ್ದೆಂದರೆ ಒಂದಷ್ಟು ತೀರ್ವೆ ರಶೀದಿಗಳು, ಅಡಂಗಲಿನ (ಜಮೀನಿನ ಬೆಳೆ ದಾಖಲೆಯ) ಒಂದು ಪ್ರತಿ, ಮತ್ತು ಅಜ್ಜನ ಹೆಸರಿನ ಮದ್ರಾಸ್ ಕಾಲದ ಒಂದು ಕ್ರಯಪತ್ರ: ಕುಂದಾಪುರ ತಾಲೂಕು, ಶಿರೂರು ಗ್ರಾಮ, ಬಾಗಾಯ್ತು 40 ಸೆಂಟ್ಸ್. ನಮ್ಮ 40 ನಿಮ್ಮ ಕಡೆಯ ಲೆಕ್ಕದಲ್ಲಿ ಬರೀ 16 ಗುಂಟೆ ಎಂದು ನೀನು ಏಳನೇ ತರಗತಿಯಲ್ಲಿ ಎಲ್ಲರೆದುರು ಸಾರಿದ ದಿನ ನಾನು ಮನೆಗೆ ಬಂದು ಅತ್ತಿದ್ದೆ. ಎಕರೆಗೆ ನಮ್ಮಲ್ಲಿ 100 ಸೆಂಟ್ಸ್, ನಿಮ್ಮಲ್ಲಿ 40 ಗುಂಟೆ, ಜಾಗ ಅಷ್ಟೇ ಎಂದು ಅಪ್ಪ ಎಷ್ಟು ಬಿಡಿಸಿ ಹೇಳಿದರೂ ನನಗೆ ಸಮಾಧಾನವಾಗಲಿಲ್ಲ. ಕೊನೆಗೆ ಅವರು, 'ಆಯ್ತು ಮಾರಾಯ, ಅವ್ರ ಕಡೆ ಹೋಪತಿಗೆ ಹದಿನಾರು, ಇಲ್ಲಿ ಇಪ್ಪತಿಗೆ ನಲ್ವತ್ತು' (ಅತ್ತ ಹೋಗುವಾಗ ಹದಿನಾರು, ಇಲ್ಲಿರುವಾಗ ನಲವತ್ತು) ಎಂದು ರಾಜಿ ಮಾಡಿದರು.

ನಮ್ಮಿಬ್ಬರ ಊರುಗಳ ನಡುವಿನ ಹತ್ತಾರು ತೆಂಗಿನ ಮರಗಳ ಅಂತರದಲ್ಲಿ ಅಳತೆಗೋಲು ಬದಲಾಗುವುದು ಏಕೆಂದು ಆ ವಯಸ್ಸಿನಲ್ಲಿ ನಮಗಿಬ್ಬರಿಗೂ ಗೊತ್ತಿರಲಿಲ್ಲ. ನಮ್ಮ ಊರಿನ ಪಾಲಿಗೆ ನಡೆದ ದೊಡ್ಡ ಚಾರಿತ್ರಿಕ ಘಟನೆಯೆಂದರೆ ಯಾರೋ ದೂರದಲ್ಲಿ ಕುಳಿತು ಎಳೆದ ಈ ಗೆರೆಯೇ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕರಾವಳಿಯುದ್ದದ ಕೆನರಾ ಸೀಮೆ ಒಂದೇ ಜಿಲ್ಲೆಯಾಗಿ ಕಂಪನಿಯವರ ಮದ್ರಾಸ್ ಆಡಳಿತಕ್ಕೆ ಸೇರಿತು. ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರನಾಗಿ ಬಂದ. 1801ರಲ್ಲಿ ಕಂಪನಿಯ ಪರವಾಗಿ ಸೀಮೆಯ ಸಮೀಕ್ಷೆಗೆ ಬಂದ ಬುಕಾನನ್ ಸಾಹೇಬ ಬೈಂದೂರಿನಿಂದ ಭಟ್ಕಳಕ್ಕೆ ಹೋದಾಗ ಅವನು ದಾಟಿದ್ದು ಗದ್ದೆ ತೋಡುಗಳನ್ನೇ ಹೊರತು ಯಾವ ಪ್ರಾಂತದ ಗಡಿಯನ್ನೂ ಅಲ್ಲ. 1860ರ ಹೊತ್ತಿಗೆ ಜಿಲ್ಲೆಯನ್ನು ಉತ್ತರ, ದಕ್ಷಿಣ ಎಂದು ಎರಡು ಮಾಡಿದರು. ಇಲ್ಲೊಂದು ಸ್ವಾರಸ್ಯವಿದೆ: ಆಗ ನಮ್ಮ ಕುಂದಾಪುರ ತಾಲೂಕು ಸೇರಿದ್ದು ಉತ್ತರಕ್ಕೆ. 1862ರಲ್ಲಿ ಉತ್ತರ ಕೆನರಾವನ್ನು ಬೊಂಬಾಯಿಗೆ ಒಪ್ಪಿಸಿದಾಗ ಕುಂದಾಪುರವನ್ನು ಮಾತ್ರ ಬಿಡಿಸಿಕೊಂಡು ಮದ್ರಾಸಿನಲ್ಲೇ ಉಳಿಸಿದರು. ಹಾಗಾಗಿ ಒಂದೆರಡು ವರ್ಷದ ಮಟ್ಟಿಗೆ ನಮ್ಮ ಮುತ್ತಜ್ಜಂದಿರು ಒಂದೇ ಜಿಲ್ಲೆಯವರು. ಆಮೇಲೆ ಶಿರೂರು ಮದ್ರಾಸಿನ ಕೊನೆಯ ಊರಾಯಿತು, ಗೊರಟೆ ಬೊಂಬಾಯಿಯ ಮೊದಲ ಊರುಗಳ ಸಾಲಿಗೆ ಬಂತು. ಕಾರಣವೇನೆಂದು ಕೇಳಿದರೆ ನಗು ಬರುತ್ತದೆ. ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಅರಳೆ ಬರುವುದು ನಿಂತಿತ್ತು. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟದಿಂದಿಳಿಸಿ ಹಡಗಿಗೆ ತುಂಬಲು ಬೊಂಬಾಯಿಯ ವರ್ತಕರಿಗೆ ಕಾರವಾರದ ಬಂದರು ತಮ್ಮ ಕೈಯಳತೆಯಲ್ಲಿ ಬೇಕಾಗಿತ್ತು. ನಮ್ಮೂರಿನಲ್ಲಿ ಹತ್ತಿ ಎಂದರೆ ದೇವರ ದೀಪದ ಬತ್ತಿಗೆ ಅಂಗಡಿಯಿಂದ ತರುವಷ್ಟೇ.

ಆ ಗೆರೆ 94 ವರ್ಷ ಬಾಳಿತು. ಶಿರೂರಿನಲ್ಲಿ ಹುಟ್ಟಿದ ನಿನ್ನ ಅಜ್ಜಿ ಗೊರಟೆಗೆ ಮದುವೆಯಾಗಿ ಬಂದಾಗ, 'ಮದ್ರಾಸಿನ ಹೆಣ್ಣನ್ನು ಬೊಂಬಾಯಿಗೆ ಕೊಟ್ಟೆವು' ಎಂದು ತವರಿನವರು ಹೇಳಿಕೊಂಡು ತಿರುಗಿದರಂತೆ. ದಿಬ್ಬಣ ಹೊರಟದ್ದು ಉಂಡ ಮೇಲೆ, ತಲುಪಿದ್ದು ಅಡಿಕೆ ಎಲೆ ಬಾಯಲ್ಲಿರುವಾಗಲೇ. ನಮ್ಮವರ ದೂರು ತಹಶೀಲ್ದಾರರಿಗೆ ಹೋಗುತ್ತಿತ್ತು, ನಿಮ್ಮವರದು ಮಾಮಲೇದಾರರಿಗೆ. ಗದ್ದೆಯ ಬದಿಯ ಕಾಡಿನಿಂದ ಸೊಪ್ಪು ಸೌದೆ ತರುವ ಹಕ್ಕಿಗೆ ನಮ್ಮಲ್ಲಿ ಕುಮ್ಕಿ ಎಂಬ ಹೆಸರು, ನಿಮ್ಮ ಕಡೆಯ ಅಡಿಕೆ ತೋಟದವರಿಗೆ ಬೆಟ್ಟ ಎಂಬ ಹೆಸರು. ಎರಡು ಹೆಸರಿನ ಕಾಡಿನಲ್ಲಿ ಮೇಯುತ್ತಿದ್ದ ದನಗಳು ಸಂಜೆ ಸರಿಯಾದ ಜಿಲ್ಲೆಗೇ ಹಿಂತಿರುಗುತ್ತಿದ್ದವೆಂಬುದು ಅಚ್ಚರಿಯ ವಿಷಯ.

1956ರ ನವೆಂಬರ್ 1ಕ್ಕೆ ಎರಡೂ ಕಡೆಯವರು ಮೈಸೂರು ರಾಜ್ಯಕ್ಕೆ ಸೇರಿದರು, ಗೆರೆ ಅಳಿಸಿತು ಎಂದು ಪಾಠದಲ್ಲಿ ಓದಿದ್ದೇವೆ. ಮಂಗಳೂರಿನಲ್ಲಿ ಗಡಿ ಎಂದರೆ ಕಾಸರಗೋಡು. ಅವತ್ತು ಕೈತಪ್ಪಿದ ಆ ದಕ್ಷಿಣದ ಅಂಚಿನ ಬಗ್ಗೆ ಇಲ್ಲಿ ಭಾಷಣವಾಗುತ್ತದೆ, ಕವಿಗೋಷ್ಠಿಯಾಗುತ್ತದೆ, ಆಗಲೇಬೇಕು ಕೂಡ. ಆದರೆ ಉತ್ತರದ ಅಂಚಿನಲ್ಲಿ ಕೂಡಿಕೊಂಡವರು ನಿಜಕ್ಕೂ ಕೂಡಿಕೊಂಡರೇ ಎಂದು ಯಾರೂ ಕೇಳಿದ್ದನ್ನು ನಾನು ಕಾಣೆ. ನಮ್ಮ ಮನೆಯ ಕರೆಂಟು ಹೋದರೆ ನಾವು ಬೈಯುವುದು ಮೆಸ್ಕಾಮಿಗೆ, ನೀನು ಬೈಯುವುದು ಹೆಸ್ಕಾಮಿಗೆ. ನನ್ನ ಕಾರು ಕೆಎ 20, ನಿನ್ನ ಬೈಕು ಕೆಎ 47. ನಾವಿಬ್ಬರೂ ಆ ತೆಂಗಿನ ಮರಗಳಿಗಾಗಿ ಹೈಕೋರ್ಟಿನವರೆಗೆ ಜಗಳಾಡುವ ಮನಸ್ಸು ಮಾಡಿದರೆ ನಿನ್ನ ಕಡೆಯ ಮರದ ವ್ಯಾಜ್ಯ ಧಾರವಾಡದ ಪೀಠಕ್ಕೆ, ನನ್ನ ಕಡೆಯದು ಬೆಂಗಳೂರಿಗೆ. ಸಂಸದರನ್ನು ಕಾಣಬೇಕಾದರಂತೂ ಸಮುದ್ರದ ದಂಡೆಯ ನಾವು ಘಟ್ಟ ಹತ್ತಿ ಶಿವಮೊಗ್ಗಕ್ಕೆ ಹೋಗಬೇಕು, ಏಕೆಂದರೆ ಬೈಂದೂರು ಕ್ಷೇತ್ರವನ್ನು ಅತ್ತ ಜೋಡಿಸಿದ್ದಾರೆ. ಜಿಲ್ಲೆಯೂ ಒಂದೇ ಆಗಿ ನಿಲ್ಲಲಿಲ್ಲ. 1997ರ ಆಗಸ್ಟ್ 25ರಂದು ಉಡುಪಿ ಬೇರೆಯಾಯಿತು, 2018ರಲ್ಲಿ ಬೈಂದೂರು ಬೇರೆ ತಾಲೂಕಾಯಿತು. ಅಪ್ಪ ಒಂದೇ ಮನೆಯಲ್ಲಿ, ಒಂದೇ ಮಂಚದಲ್ಲಿ ಮಲಗಿ, ಮದ್ರಾಸು, ಮೈಸೂರು, ಕರ್ನಾಟಕ ಎಂದು ಮೂರು ರಾಜ್ಯಗಳನ್ನೂ ಎರಡು ಜಿಲ್ಲೆಗಳನ್ನೂ ಕಂಡರು.

ಇದೆಲ್ಲ ನಿನಗೆ ಗೊತ್ತಿರುವುದೇ. ನಿನ್ನ ಹೆಗಲ ಮೇಲಿನಿಂದ ಇಣುಕಿ ಓದುತ್ತಿರುವ ಉಳಿದವರಿಗೆ ಹೇಳುತ್ತಿದ್ದೇನೆ. ಹೀಗೆ ಸುತ್ತು ಹಾಕುತ್ತಿರುವುದೇಕೆಂದು ನಿನಗೆ ಈಗಾಗಲೇ ಅನುಮಾನ ಬಂದಿರಬಹುದು. ಭಾಷಣ ಪ್ರತಿಯೋಗಿತೆಯಲ್ಲಿ ಮುಖ್ಯ ಮಾತು ಮರೆತಾಗ ನಾನು ಇಸವಿಗಳನ್ನು ಹೇಳುತ್ತಾ ಹೋಗುತ್ತಿದ್ದೆನಲ್ಲ, ಹಾಗೆಯೇ. ಆದರೆ ಈ ಸಲ ಮರೆತಿಲ್ಲ.

ಮಂಗಳೂರಿಗೆ ಬಂದು ಇಷ್ಟು ವರ್ಷವಾದರೂ 'ಈರೆನ ಊರು ಓಲು?' (ನಿಮ್ಮ ಊರು ಎಲ್ಲಿ?) ಎಂಬ ತುಳು ಪ್ರಶ್ನೆಗೆ ನೇರ ಉತ್ತರ ಕೊಡುವುದು ನನಗೆ ಸಾಧ್ಯವಾಗಿಲ್ಲ. ಉಡುಪಿ ದಾಟಿ ಬ್ರಹ್ಮಾವರದಾಚೆಗೆ ಹೋದಂತೆ ತುಳು ಸರಿದು ನಮ್ಮ ಕುಂದಾಪ್ರ ಕನ್ನಡ ಶುರುವಾಗುತ್ತದೆ. ಆಮೇಲಿನದೆಲ್ಲ ಇಲ್ಲಿಯವರಿಗೆ ಒಟ್ಟಾಗಿ 'ಕುಂದಾಪುರ ಸೈಡು'. ಶಿರೂರು ಎಂದರೆ ಹಿರಿಯಡ್ಕದ ಹತ್ತಿರದ್ದೇ ಎನ್ನುತ್ತಾರೆ, ಏಕೆಂದರೆ ಉಡುಪಿಯ ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ಮೂಲ ಇರುವುದು ಅಲ್ಲಿ. ಈ ಜನವರಿಯಲ್ಲಿ ಆ ಮಠದ ಪರ್ಯಾಯ, ಅಂದರೆ ಕೃಷ್ಣಪೂಜೆಯ ಸರದಿ, ಬಂದಾಗ ನಮ್ಮ ವಸತಿ ಸಮುಚ್ಚಯದಲ್ಲಿ ನಾಲ್ಕು ಜನ ನನಗೆ ಅಭಿನಂದನೆ ಹೇಳಿದರು. ಒಬ್ಬರು ಪಾಸು ಸಿಗುತ್ತದೆಯೇ ಎಂದೂ ವಿಚಾರಿಸಿದರು. ನಾನು ಪ್ರತಿ ಸಲವೂ ತಾಳ್ಮೆಯಿಂದ, ಅದಲ್ಲ, ನಮ್ಮದು ಬೈಂದೂರು ಕಳೆದು, ಒತ್ತಿನೆಣೆ ಗುಡ್ಡ ಇಳಿದು, ಅಳ್ವೆಗದ್ದೆಯ ದೋಣಿಗಳಿರುವ ಶಿರೂರು, ಜಿಲ್ಲೆಯ ಉತ್ತರದ ಕೊನೆ ಎಂದು ವಿವರಿಸುತ್ತೇನೆ. ಈ ವಿವರಣೆಯಲ್ಲಿ ನನಗೊಂದು ಗುಟ್ಟಾದ ಖುಷಿಯಿದೆಯೆಂದು ಒಪ್ಪಿಕೊಳ್ಳುತ್ತೇನೆ. ಊರಿಗೆ ವರ್ಷಕ್ಕೊಮ್ಮೆಯೂ ಹೋಗದವನಿಗೆ ಊರಿನ ವಿಳಾಸವನ್ನು ತಿದ್ದುವುದೇ ಊರಿನ ಸೇವೆಯಂತೆ ಕಾಣುತ್ತದೆ.

ಮೂರನೆಯ ಶಿರೂರಿನ ಹೆಸರು ಎಲ್ಲರಿಗೂ ತಿಳಿದದ್ದು 2024ರ ಜುಲೈ 16ರಂದು. ಅಂಕೋಲಾ ತಾಲೂಕಿನ ಆ ಶಿರೂರಿನಲ್ಲಿ ಬೆಳಿಗ್ಗೆ ಗುಡ್ಡ ಜಾರಿ ಹೆದ್ದಾರಿಯ ಮೇಲೆ ಬಿತ್ತು. ರಸ್ತೆ ಬದಿಯ ಚಹಾದಂಗಡಿಯನ್ನು, ಅಲ್ಲಿದ್ದವರನ್ನು, ನಿಂತಿದ್ದ ಲಾರಿಗಳನ್ನು ಮಣ್ಣು ಎಳೆದುಕೊಂಡು ಗಂಗಾವಳಿಗೆ ಹಾಕಿತು. ನದಿಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಕೇರಳದ ಚಾಲಕನೊಬ್ಬನ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಎರಡು ತಿಂಗಳು ಕಳೆದ ಮೇಲೆ. ಆ ವಾರವಿಡೀ ನನ್ನ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಬೆಂಗಳೂರಿನಿಂದ, ಮುಂಬೈಯಿಂದ, ದುಬೈಯಿಂದ ಕರೆಗಳು. 'ನಿಮ್ಮೂರಲ್ವಾ? ಮನೆಯವರೆಲ್ಲ ಸುರಕ್ಷಿತವೇ?' ನಾನು ಎಲ್ಲರಿಗೂ ಒಂದೇ ಉತ್ತರ ಒಪ್ಪಿಸಿದೆ. ಅದು ಬೇರೆ ಶಿರೂರು. ಭಟ್ಕಳ, ಹೊನ್ನಾವರ, ಕುಮಟಾ ಎಲ್ಲ ದಾಟಿ ಆಚೆಗೆ. ನಮ್ಮದಲ್ಲ. ಹತ್ತನೆಯ ಕರೆಯ ಹೊತ್ತಿಗೆ ನನ್ನ ದನಿಯಲ್ಲಿ ಸಣ್ಣದೊಂದು ಬೇಸರ ಸೇರಿಕೊಂಡಿತ್ತು, ಸತ್ತವರ ವಿಷಯಕ್ಕಲ್ಲ, ಕೇಳುವವರ ಭೂಗೋಳದ ಅಜ್ಞಾನಕ್ಕೆ.

ಹನ್ನೊಂದನೆಯ ಕರೆ ನಿನ್ನದು.

ನಿನ್ನಮ್ಮ ಬೆಳಗಿನ ಜಾವ ತೀರಿಕೊಂಡರೆಂದು ಹೇಳಿದೆ. ಮಧ್ಯಾಹ್ನದ ಮೊದಲು ಎತ್ತುತ್ತೇವೆ ಎಂದೆ. ಬರುತ್ತೀಯಾ ಎಂದು ಕೇಳಲಿಲ್ಲ, ಕೇಳುವ ಅಗತ್ಯವಿದೆಯೆಂದು ನಿನಗೆ ತೋರಿರಲಿಕ್ಕಿಲ್ಲ. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಶಿರೂರಿನಲ್ಲಿ ರಸ್ತೆ ಬಂದ್ ಆಗಿದೆಯಲ್ಲ ಮಾರಾಯ' ಎಂದೆ.

ನಿನ್ನೊಡನೆ ಹಾಗೆಂದೆ! ಯಾವ ಶಿರೂರು ಎಲ್ಲಿದೆಯೆಂದು ಗೊತ್ತಿಲ್ಲದವನ ಹತ್ತಿರವಲ್ಲ. ಕಿಟಕಿ ತೆರೆದರೆ ಹೆದ್ದಾರಿ ಕಾಣುವ, ಆ ಹೊತ್ತಿಗೂ ಕುಂದಾಪುರದ ಬಸ್ಸಿನ ಹಾರ್ನು ಕೇಳುತ್ತಿದ್ದಿರಬಹುದಾದ ನಿನ್ನ ಹತ್ತಿರ. ನೀನು ಒಂದು ಕ್ಷಣ ತಡೆದು, 'ಹೌದು, ಮಳಿ ಜೋರಿತ್ತ್, ಬಪ್ಪುದ್ ಬ್ಯಾಡ' ಎಂದು ಫೋನಿಟ್ಟೆ.

ಕಾರಣವೇನಿತ್ತೆಂದು ಈ ಎರಡು ವರ್ಷಗಳಲ್ಲಿ ಎಷ್ಟೋ ಸಲ ಹುಡುಕಿದ್ದೇನೆ. ಏನಾದರೂ ದೊಡ್ಡದು ಸಿಕ್ಕಿದ್ದರೆ ಚೆನ್ನಾಗಿತ್ತು. ಹಳೆಯ ಮುನಿಸು, ಸಾವಿನ ಭಯ, ಅವರನ್ನು ಹಾಗೆ ನೋಡಲಾರೆನೆಂಬ ಸಂಕಟ, ಇಂಥದೊಂದು ಇದ್ದಿದ್ದರೆ ಈ ಪತ್ರಕ್ಕೂ ಒಂದು ತೂಕ ಬರುತ್ತಿತ್ತು. ಇದ್ದದ್ದು ಇಷ್ಟೇ: ಆ ಮಳೆಯಲ್ಲಿ 130 ಕಿಲೋಮೀಟರ್ ಕಾರು ಓಡಿಸುವುದು ನನಗೆ ಬೇಜಾರಾಯಿತು. ಫೋನಿಟ್ಟ ಮೇಲೆ ಗಂಜಿ ಉಂಡು ಮಲಗಿದೆ. ನಿದ್ದೆಯೂ ಬಂತು.

ನಾಲ್ಕನೇ ತರಗತಿಯ ಆ ಆಸಾಡಿಯ (ಆಷಾಢದ) ಮಳೆಯನ್ನು ನೀನು ಮರೆತಿರಬಹುದು. ತೋಡಿನ ಸಂಕ ಕೊಚ್ಚಿಕೊಂಡು ಹೋಗಿತ್ತು, ನನ್ನಮ್ಮ ಬಾಣಂತನಕ್ಕೆ ತವರಿಗೆ ಹೋಗಿದ್ದರು, ಅಪ್ಪನಿಗೆ ಅನ್ನ ಬೇಯಿಸಲು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ, ಜ್ವರದಲ್ಲಿ ಬಿದ್ದಿದ್ದ ನನಗೆ ಅದೂ ಸೇರುತ್ತಿರಲಿಲ್ಲ. ನಿನ್ನಮ್ಮ ಮಳೆಗೆ ಹೊದೆಯುವ ಗೊರಬು ಹೊದ್ದು, ಹೆದ್ದಾರಿಯ ಸುತ್ತು ಹಾಕಿ, ಬಾಳೆಲೆ ಮುಚ್ಚಿದ ಪಾತ್ರೆಯಲ್ಲಿ ಗಂಜಿಯ ತೆಳಿಯನ್ನೂ ಸುಟ್ಟ ಒಣ ಚಟ್ಲಿಯ (ಸೀಗಡಿಯ) ಚಟ್ನಿಯನ್ನೂ ಹೊತ್ತು ಮೂರು ದಿನ ಬಂದರು. ಒದ್ದೆ ಕಾಲು ಒಳಗಿಡಬಾರದೆಂದು ಜಗಲಿಯಲ್ಲೇ ನಿಂತು, ನಾನು ಉಣ್ಣುವವರೆಗೆ ಕಾದು, ಪಾತ್ರೆ ಹಿಡಿದುಕೊಂಡು ಹೋಗುತ್ತಿದ್ದರು. ಅವರ ಅಂಗಳದ ಮಲ್ಲಿಗೆಯನ್ನು ನಾವು ಇತ್ತ ತಂದರೆ ಉಡುಪಿ ಮಲ್ಲಿಗೆ, ನೀವು ಅತ್ತ ಒಯ್ದರೆ ಭಟ್ಕಳ ಮಲ್ಲಿಗೆ ಎಂದು ನಾವು ಜಗಳಾಡುವಾಗ ಅವರು ಹೂ ಕಟ್ಟುತ್ತಾ ಒಂದು ಮಾತೂ ಆಡುತ್ತಿರಲಿಲ್ಲ.

ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಯ ಊಟಕ್ಕೆ, ಬಂದೆ. ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟುಕೊಂಡು ಬಂದೆ. ಪಂಕ್ತಿಯಲ್ಲಿ ನನ್ನ ಎದುರಿಗಿದ್ದ ಹಿರಿಯರು, ನಿನ್ನ ಸೋದರಮಾವನೇ ಇರಬೇಕು, ಅವತ್ತು ನಿಮ್ಮನ್ನು ಕಾಣಲಿಲ್ಲವಲ್ಲ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪಾಯಸ ಬಡಿಸುತ್ತಿದ್ದ ನೀನು, 'ಅವ್ನಿಗೆ ರಸ್ತಿ ಇರ್ಲಿಲ್ಲ' ಎಂದು ಹೇಳಿ ಮುಂದಿನ ಎಲೆಗೆ ಹೋದೆ. ಆ ಪಂಕ್ತಿಯಲ್ಲಿ ಉಂಡವರೆಲ್ಲ ಶಿರೂರು, ಬೆಳ್ಕೆ, ಗೊರಟೆಯವರು. ರಸ್ತೆ ಇತ್ತೋ ಇಲ್ಲವೋ ಎಂಬುದು ಅವರಲ್ಲಿ ಒಬ್ಬೊಬ್ಬರಿಗೂ ಗೊತ್ತಿತ್ತು. ಯಾರೂ ತಲೆಯೆತ್ತಲಿಲ್ಲ. ಆ ಹಿರಿಯರು, 'ಹೌದ್ಹೌದ್, ಆ ವಾರ ಭಾರೀ ಮಳಿ' ಎಂದು ಅನ್ನ ಕಲಸಿದರು. ಆ ಪಾಯಸವನ್ನು ನಾನು ಎರಡನೆಯ ಸಲವೂ ಹಾಕಿಸಿಕೊಂಡೆನೆಂಬುದನ್ನೂ ಇಲ್ಲಿ ಬರೆದುಬಿಡುತ್ತೇನೆ, ಹೇಗೂ ಬಾಯಿ ಬಿಟ್ಟಾಗಿದೆ.

ಕಳೆದ ತಿಂಗಳು ಮನೆಗೆ ಬಂದವನು ಗೊರಟೆಯ ಕಡೆಗೂ ಹೊರಟಿದ್ದೆ. ಟೋಲ್‌ಗೇಟು ಕಾಣುವವರೆಗೆ ಬಂದೆ. ಬದಿಗೆ ನಿಲ್ಲಿಸಿ ಹತ್ತು ನಿಮಿಷ ಕೂತೆ. ನಿನ್ನ ಮನೆಯ ಜಗಲಿಯಲ್ಲಿ ಕುಳಿತು ಮೊದಲ ಮಾತು ಏನು ಆಡಬೇಕೆಂದು ಹೊಳೆಯಲಿಲ್ಲ. ಕಾರು ತಿರುಗಿಸಿ ಬೈಂದೂರಿನತ್ತ ಹೊರಟೆ. ಪೆಟ್ಟಿಗೆಯೊಳಗಿನ ಆ ಕ್ರಯಪತ್ರದ ಕೊನೆಯಲ್ಲಿ ಚಕ್ಕುಬಂದಿ ಬರೆದಿದೆ: ಪಡುವಲಿಗೆ ಸರಕಾರಿ ಜಾಗ, ಮೂಡಲಿಗೆ ತೋಡು, ತೆಂಕಲಿಗೆ ಇಂಥವರ ಹಿತ್ತಿಲು, ಬಡಗಲಿಗೆ 'ಬೊಂಬಾಯಿ ಇಲಾಖೆಯ ಸರಹದ್ದು'. ಮಂಗಳೂರಿನ ಮನೆಯಲ್ಲಿ ಅದನ್ನು ಓದಿ ನಗಬೇಕಾಗಿತ್ತು, ನಿನಗೆ ಚಿತ್ರ ತೆಗೆದು ಕಳುಹಿಸಬೇಕಾಗಿತ್ತು. ಕಳುಹಿಸಲಿಲ್ಲ. ಅದರ ಬದಲು ಇದನ್ನು ಬರೆಯಲು ಕುಳಿತೆ. ಬರೆಯಬೇಕೆಂದುಕೊಂಡಿದ್ದು ಸೆಂಟ್ಸು ಗುಂಟೆಗಳ ತಮಾಷೆಯನ್ನು ಮಾತ್ರ.

ಇಷ್ಟನ್ನು ಲಕೋಟೆಯೊಳಗೆ ಹಾಕಿ ಕಳುಹಿಸಬಹುದಾಗಿತ್ತಲ್ಲ ಎಂದು ನೀನು ಕೇಳುತ್ತೀ. ಲಕೋಟೆಯಲ್ಲಿ ಹಾಕಿದರೆ ನೀನು ಓದಿ ಮಡಚಿ ಅಟ್ಟಕ್ಕೆ ಹಾಕಿ, ಯಾರಾದರೂ ಕೇಳಿದರೆ 'ಅವ್ನ್ ಕಾಗ್ದ ಬರ್ಲಿಲ್ಲ' ಎಂದುಬಿಡುತ್ತೀ ಎಂಬ ಹೆದರಿಕೆ ನನಗೆ. ಮತ್ತೆ, ನಾಲ್ಕು ಜನ ಓದಿ ಎಷ್ಟು ಒಳ್ಳೆಯ ಮನಸ್ಸು ಎಂದು ಹೊಗಳಲಿ ಎಂಬ ಆಸೆಯೂ ಇಲ್ಲವೆನ್ನಲಾರೆ. ಹೊಗಳುವವರು ದಯವಿಟ್ಟು ಪಾಯಸದ ಸಂಗತಿಯನ್ನು ಇನ್ನೊಮ್ಮೆ ಓದಿಕೊಳ್ಳಬೇಕು.

ಬರುವ ಭಾನುವಾರ ಹೊರಡುತ್ತೇನೆ. ಟೋಲ್ ದಾಟಿದ ಕೂಡಲೇ ಫಾಸ್ಟ್ಯಾಗಿನವರ ಸಂದೇಶ ಬರುತ್ತದೆ, ಅದನ್ನು ಹಾಗೆಯೇ ನಿನಗೆ ಕಳುಹಿಸುತ್ತೇನೆ. ರಸ್ತೆ ಇದ್ದುದಕ್ಕೆ ಅದು ಸಾಕ್ಷಿ. ಹಣವನ್ನು ನೀನೇ ಕೊಡಬೇಕು, ಗಡಿ ನಿಮ್ಮದು. ಕ್ರಯಪತ್ರ ತರುತ್ತೇನೆ, ನಿನ್ನ ಮಗನಿಗೆ ಓದಲು ಕೊಡೋಣ, 40ನ್ನು 16 ಮಾಡುವ ಲೆಕ್ಕ ಅವನಿಗಾದರೂ ಬರುತ್ತದೆಯೋ ನೋಡೋಣ. ಊಟಕ್ಕೆ ವಿಶೇಷವೇನೂ ಬೇಡ, ತೆಳಿ ಇದ್ದರೆ ಸಾಕು.

ಕೊಡೆಯನ್ನು ಮಾತ್ರ ತರುವುದಿಲ್ಲ.

ಇತಿ,
40 ಸೆಂಟ್ಸಿನವನು